ತಿಮಿಂಗಿಲದ ವಿಳಾಸ

ಜನವರಿ ೧೨

ಪ್ರೀತಿಯ ಅಕ್ಕನಿಗೆ,

ಇವತ್ತು ಬೆಳಿಗ್ಗೆ ಮುಖ ಒರೆಸಿಕೊಳ್ಳುತ್ತ ನಡುಮನೆಗೆ ಬಂದವಳು ಗೋಡೆಯ ಮೇಲಿನ ನಮ್ಮಿಬ್ಬರ ಫೋಟೊ ನೋಡಿದೆ. ಗಾಜಿನ ಮೇಲೆ ಧೂಳು ಕೂತಿತ್ತು, ಆದರೆ ಪೂರ್ತಿ ಅಲ್ಲ. ನಿನ್ನ ಮುಖವಿರುವ ಕಡೆ ಅಂಗೈಯಗಲ ಒರೆಸಿ ಫಳಫಳ ಎನ್ನುತ್ತಿತ್ತು. ನನ್ನ ಕಡೆಯ ಅರ್ಧವನ್ನು ಯಾರೂ ಮುಟ್ಟಿರಲಿಲ್ಲ. ಅಮ್ಮನನ್ನು ಕೇಳಿದೆ.

“ನೀನು ಕಣ್ಣೆದುರಿಗೇ ಓಡಾಡ್ಕೊಂಡಿದೀಯಲ್ಲೇ. ನಿನ್ನ ಮುಖ ನೋಡೋಕೆ ಗಾಜು ಬೇರೆ ಒರೆಸಬೇಕಾ?” ಅಂದಳು.

ನನ್ನ ಅರ್ಧವನ್ನು ನಾನೇ ಒರೆಸಿಕೊಂಡು ಕೆಲಸಕ್ಕೆ ಹೋದೆ.

ನಿನ್ನ ಮೂರು ಸಾಲಿನ ಕಾಗದ ಬಂತು. ಮೇ ಕೊನೆಗೆ ಹೆರಿಗೆ, ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದು ಅಂದಿದ್ದಾರೆ, ಬಂದು ಜೊತೆಗಿರ್ತೀಯಾ. ಇದನ್ನು ಫೋನಿನಲ್ಲಿ ಕೇಳದೆ ಬರೆದು ಕೇಳಿದ್ದು ಒಳ್ಳೆಯದಾಯಿತು. ಫೋನಿನಲ್ಲಿ ನಾನು ‘ಹ್ಞೂಂ’, ‘ಊಹ್ಞೂಂ’ ಬಿಟ್ಟು ಮೂರನೆಯ ಮಾತಾಡುವವಳಲ್ಲ ಎಂಬುದು ನಿನಗೆ ಗೊತ್ತೇ ಇದೆ.

ಈಗ ಬರಲಾಗುವುದಿಲ್ಲ ಅಕ್ಕ. ಒಂದು, ಅಮ್ಮನ ಮಂಡಿ. ಮನೆಯೊಳಗೆ ಓಡಾಡುತ್ತಾಳೆ, ಅಡುಗೆಯನ್ನೂ ಮಾಡುತ್ತಾಳೆ, ಆದರೆ ಮೆಟ್ಟಿಲು ಕಂಡರೆ ದೆವ್ವ ಕಂಡ ಹಾಗೆ ಆಡುತ್ತಾಳೆ. ಇನ್ನೊಂದು, ನನ್ನ ಕೆಲಸ. ಟೈರ್ ಅಂಗಡಿಯ ಮೇಲಿನ ನಮ್ಮ ಪ್ರಕಟಣಾಲಯ ನಿನಗೆ ಗೊತ್ತಲ್ಲ: ಎರಡು ಕೋಣೆ, ನಾಲ್ಕು ಮೇಜು, ಪುಸ್ತಕಗಳಿಗೂ ರಬ್ಬರ್ ವಾಸನೆ. ಈ ಸಲ ಯಜಮಾನರು ನನ್ನ ಮೇಜಿಗೆ ಹಾಕಿರುವುದು ‘ಡಿಜಿಟಲ್ ನಾಣ್ಯ ಯಾರ ಜೇಬಿನಲ್ಲಿ?’ ಎಂಬ ಕೈಪಿಡಿ. ಬರೆದವರು ಅರ್ಥಶಾಸ್ತ್ರದ ನಿವೃತ್ತ ಮೇಷ್ಟ್ರು. ಕ್ರಿಪ್ಟೋ ಎಂಬ ಈ ನಾಣ್ಯ ಎಲ್ಲರ ಹಣ, ಯಾರ ಅಪ್ಪಣೆಯೂ ಬೇಡ ಎಂದು ಹೇಳಿಕೊಂಡು ಬಂತಲ್ಲ, ಅದರ ಬಹುಪಾಲು ಬೆರಳೆಣಿಕೆಯ ಕಡೆ ಹೋಗಿ ಗುಡ್ಡೆಬಿದ್ದಿದೆಯಂತೆ. ಅಷ್ಟೊಂದು ಇಟ್ಟುಕೊಂಡವರನ್ನು ತಿಮಿಂಗಿಲ ಎನ್ನುತ್ತಾರಂತೆ. ಸಾಹಿತ್ಯದಲ್ಲಿ ಎಂ.ಎ. ಮಾಡಿದವಳು ತಿಮಿಂಗಿಲದ ಹ್ರಸ್ವ ದೀರ್ಘ ನೋಡುತ್ತ ಕೂತಿದ್ದೇನೆ.

ಮರೆತೆ. ಹುಟ್ಟುಹಬ್ಬಕ್ಕೆ ಭಾವ ಕಳುಹಿಸಿದ ಬಿಟ್‌ಕಾಯಿನ್ ಚೂರು ನನ್ನ ಫೋನಿಗೆ ಬಂದು ಸೇರಿತು. ಒಂದು ಸೊನ್ನೆ, ಒಂದು ಚುಕ್ಕಿ, ಆಮೇಲೆ ಸಾಲಾಗಿ ಸೊನ್ನೆಗಳು, ಕೊನೆಯಲ್ಲಿ ಕರೆಯದೆ ಬಂದ ನೆಂಟರ ಹಾಗೆ ಎರಡು ಮೂರು ಅಂಕಿ. ಭಾವನಿಗೆ ಥ್ಯಾಂಕ್ಸ್ ಹೇಳು.

ಇಂತಿ ನಿನ್ನ ತಂಗಿ,
ಪುಟ್ಟಿ

*

ಜನವರಿ ೨೭

ಪುಟ್ಟಿ,

ನಿನ್ನ ಕಾಗದ ಓದಿ ನಗು ತಡೆಯೋಕಾಗ್ಲಿಲ್ಲ. ನಗಬಾರದು ಅಂತ ಡಾಕ್ಟರ್ ಹೇಳಿಲ್ಲ, ಅದೊಂದೇ ಉಳಿದಿರೋದು. ಏಳಬೇಡ, ಬಗ್ಗಬೇಡ, ಎತ್ತಬೇಡ, ಮೆಟ್ಟಿಲು ಹತ್ತಬೇಡ, ಇಳೀಬೇಡ. ‘ಉಸಿರಾಡಬಹುದಾ ಡಾಕ್ಟ್ರೇ?’ ಅಂದೆ. ‘ನಿಧಾನವಾಗಿ’ ಅಂದ್ರು ಆಯಮ್ಮ. ಒಂದು ಚೂರೂ ನಗಲಿಲ್ಲ.

ಅಮ್ಮನಿಗೆ ಹೇಳು, ಫೋಟೊ ಇನ್ಮೇಲೆ ಪೂರ್ತಿ ಒರೆಸ್ಬೇಕು ಅಂತ.

ನಾವು ಮನೆ ಬದಲಾಯಿಸಿದ್ವಿ ಅಂತ ಫೋನಲ್ಲಿ ಹೇಳಿದ್ದೆನಲ್ಲ. ನೀನು ಬಂದು ನೋಡ್ಬೇಕು ಕಣೇ. ಕಟ್ಟಡದ ತುದಿ. ನಮ್ಮ ಮೇಲೆ ಆಕಾಶ ಬಿಟ್ರೆ ಯಾರೂ ಇಲ್ಲ. ಮಲಗಿದಲ್ಲಿಂದಲೇ ಕಿಟಕಿಯಲ್ಲಿ ಇಡೀ ಊರು ಕಾಣುತ್ತೆ. ಬೆಳಿಗ್ಗೆ ರೈಲು ಹೋಗೋದು ಬೆಂಕಿಪೊಟ್ಟಣ ದಾರಕ್ಕೆ ಕಟ್ಟಿ ಎಳೆದ ಹಾಗಿರುತ್ತೆ. ಬಾಗಿಲು ತೆಗೆದ್ರೆ ಸಾಕು, ತಾರಸಿ. ಮಗು ಸೈಕಲ್ ಕಲಿಯೋವಷ್ಟು ಜಾಗ. ಅಲ್ಲಿಗೆ ಬೇರೆ ಯಾರೂ ಬರೋ ಹಾಗಿಲ್ಲ, ಬೀಗದ ಕೈ ನಮ್ಮ ಹತ್ರಾನೇ. ಲಿಫ್ಟ್ ಸದ್ದಲ್ಲೇ ಯಾರು ಬಂದ್ರು, ಯಾರು ಹೋದ್ರು ಅಂತ ಹೇಳಬಲ್ಲೆ ಈಗ. ಹನ್ನೊಂದನೇ ಮಹಡಿ ವಕೀಲರು ಕಾಫಿ ಕುಡಿಯೋ ಮುಂಚೆ ಇಳೀತಾರೆ, ಅವರ ಹೆಂಡತಿ ಅವರು ಹೋದ್ಮೇಲೆ ಹಾಡು ಹೇಳ್ಕೊಂಡು ಇಳೀತಾರೆ.

ನಿಮ್ಮ ಭಾವನ ಕೆಲಸ ನಿನಗೆ ಗೊತ್ತಲ್ಲ, ಲಿಫ್ಟ್ ಕೆಟ್ಟಾಗ ಕರೆ ಬರುತ್ತೆ, ಹೊರಡ್ತಾರೆ. ಬರೋ ಹೊತ್ತಿಗೆ ನಾನು ಕಿಟಕಿಯಲ್ಲಿ ಕಂಡಿದ್ದೆಲ್ಲ ವರದಿ ಒಪ್ಪಿಸ್ತೀನಿ.

ಬಾರೇ. ಕೈಪಿಡಿ ಇಲ್ಲೇ ತಂದು ತಿದ್ದು. ನಿನ್ನ ತಿಮಿಂಗಿಲಕ್ಕೆ ಇಲ್ಲಿ ಬೇಕಾದಷ್ಟು ಜಾಗ ಇದೆ.

ಅಕ್ಕ

*

ಫೆಬ್ರವರಿ ೧೦

ಅಕ್ಕ,

ನಿನಗೆ ಒಂದು ಮಾತು ನೇರವಾಗಿ ಕೇಳುತ್ತೇನೆ. ಮುಖ ನೋಡಿ ಕೇಳುವ ಧೈರ್ಯ ನನಗಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಮೇಷ್ಟ್ರ ಮೂರನೆಯ ಅಧ್ಯಾಯದಲ್ಲಿ ಒಂದು ವಿಷಯವಿದೆ. ಬಿಟ್‌ಕಾಯಿನ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿದ್ದು ಜಗತ್ತಿಗೆಲ್ಲ ಕಾಣುತ್ತದೆ. ಹೆಸರು ಕಾಣುವುದಿಲ್ಲ. ಅಕ್ಷರ, ಅಂಕಿ ಕಲೆಸಿದ ಒಂದು ಉದ್ದನೆಯ ಗುರುತು ಕಾಣುತ್ತದೆ, ಅದಕ್ಕೆ ವಿಳಾಸ ಎನ್ನುತ್ತಾರೆ. ಆ ವಿಳಾಸವನ್ನು ಯಾರು ಬೇಕಾದರೂ ಹುಡುಕಿ ಅದರಲ್ಲಿ ಎಷ್ಟಿದೆ ಎಂದು ನೋಡಬಹುದು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ, ಭಾವನ ಉಡುಗೊರೆ ಯಾವ ವಿಳಾಸದಿಂದ ಬಂದಿತ್ತೋ ಅದನ್ನು ಹಾಕಿ ನೋಡಿದೆ.

ಏಕ, ದಶ, ಶತ ಎಂದು ಎಣಿಸಲು ಹೊರಟು ನಡುವೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದೆ. ಅಕ್ಕ, ಅದು ಜಗತ್ತಿನ ಅತಿ ದೊಡ್ಡ ವಿಳಾಸಗಳ ಪಟ್ಟಿಯ ಮೊದಲ ಪುಟದಲ್ಲಿದೆ.

ಮೊದಲು ನಂಬಲಿಲ್ಲ. ಆಮೇಲೆ ಒಂದೊಂದೇ ಜೋಡಿಸಿಕೊಂಡೆ. ಮದುವೆಗೆ ಮುಂಚೆ ಭಾವ ಕೋಣೆ ತುಂಬ ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಹಗಲೂ ರಾತ್ರಿ ಓಡಿಸುತ್ತಿದ್ದರು ಎಂದು ನೀನೇ ಹೇಳಿದ್ದೆ. ಯಾರಿಗೂ ಬೇಡವಾಗಿದ್ದ ಕಾಲದಲ್ಲಿ ಹಾಗೆ ಯಂತ್ರ ಓಡಿಸಿ ನಾಣ್ಯ ಕೂಡಿಹಾಕಿದವರು, ಈಗಲೂ ಹಳೆಯ ಅಂಗಿ ಹಾಕಿಕೊಂಡು ನಮ್ಮ ನಡುವೆಯೇ ಓಡಾಡುತ್ತಿರಬಹುದು ಎಂದು ಮೇಷ್ಟ್ರು ಬರೆದಿದ್ದಾರೆ. ಆಮೇಲೆ ನಿನ್ನ ಕಾಗದ. ಕಟ್ಟಡದ ತುದಿಯ ಮನೆ. ಬೀಗದ ಕೈ ನಿಮ್ಮ ಹತ್ತಿರವೇ ಇರುವ ತಾರಸಿ.

ನೀನು ಪರೀಕ್ಷೆಯಲ್ಲಿ ಎರಡು ಸಲ ಫೇಲಾದೆ. ನಾನು ಕಣ್ಣು ಕೆಂಪಾಗುವಷ್ಟು ಓದಿದೆ. ಚಿನ್ನದ ಪದಕ ಬಂತು, ಅದರ ಮೇಲೆ ನೀರು ಬಿದ್ದು ಹಿತ್ತಾಳೆ ಬಣ್ಣಕ್ಕೆ ತಿರುಗಿತು. ನೀನು ಕಿಟಕಿಯಲ್ಲಿ ನೋಡುತ್ತ ಮಲಗಿದ್ದೀಯ, ನಾನು ಟೈರಿನ ವಾಸನೆಯಲ್ಲಿ ಅಲ್ಪವಿರಾಮ ಹುಡುಕುತ್ತಿದ್ದೇನೆ. ಚಿಕ್ಕವಳಿದ್ದಾಗ ನಿನ್ನ ಬಟ್ಟೆ ನನಗೆ ಬರುತ್ತಿತ್ತು, ತೋಳು ಉದ್ದ, ಕುತ್ತಿಗೆ ಅಗಲ. ಈಗ ನಿನ್ನ ಸಂಪತ್ತಿನಿಂದಲೂ ಅಷ್ಟೇ, ಕತ್ತರಿಸಿ ಉಳಿದ ಚೂರು ಬಂತು.

ನಿನ್ನ ಹೊಟ್ಟೆಯಲ್ಲಿ ಮಗು ಇದೆ, ನನ್ನ ಹೊಟ್ಟೆಯಲ್ಲಿ ಕಿಚ್ಚು ಇದೆ. ಹೀಗೆ ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಅಮ್ಮನಿಗೂ ಹೇಳಿದೆ. ಹಿಡಿದ ಸೌಟು ಕೆಳಗಿಟ್ಟು, “ಅಯ್ಯೋ, ಲಿಫ್ಟ್ ರಿಪೇರಿಯವನನ್ನ ಕಟ್ಕೊಂಡ್ಯಲ್ಲೇ ಅಂತ ಎಷ್ಟು ಬೈದಿದ್ದೆ ಅವಳಿಗೆ! ಅವನಿಗೆ ಒಂದು ದಿನಾನೂ ಕುರ್ಚಿ ಕೊಟ್ಟು ಕೂರಿಸ್ಲಿಲ್ಲ!” ಎಂದು ಹಣೆ ಬಡಿದುಕೊಂಡಳು.

ನನ್ನನ್ನು ಕರೆಯಬೇಡ. ಅಷ್ಟಿರುವವರು ಇಬ್ಬರು ನರ್ಸುಗಳನ್ನು ಇಟ್ಟುಕೊಳ್ಳಬಹುದು. ಅಲ್ಲಿ ನಾನು ಬಂದು ಹಾಲು ಕಾಯಿಸುವುದು ಯಾರ ಭಾಗ್ಯಕ್ಕೆ?

ಪುಟ್ಟಿ

*

ಫೆಬ್ರವರಿ ೨೬

ಪುಟ್ಟಿ,

ನಿನ್ನ ಕಾಗದ ಮೂರು ಸಲ ಓದಿದೆ. ಹೊಟ್ಟೆಕಿಚ್ಚು ಅಂತ ಬರೆದಿದ್ದೀಯಲ್ಲ, ಆ ಸಾಲು ಮಾತ್ರ ಇನ್ನೂ ಜಾಸ್ತಿ ಸಲ.

ನಿಜವಾಗ್ಲೂ? ನನ್ನ ಮೇಲೆ? ನಿನಗೆ?

ನೆಂಟರು ಬಂದಾಗೆಲ್ಲ ಅಮ್ಮ ನಿನ್ನ ಕರೆದು ಪದ್ಯ ಹೇಳಿಸೋಳು, ನನ್ನ ಕರೆದು ಲೋಟ ತೆಗೆಸೋಳು. ನೀನು ಕಣ್ಣು ಮುಚ್ಕೊಂಡು ಹೇಳ್ತಿದ್ದೆ, ಒಂದಕ್ಷರ ತಪ್ತಿರ್ಲಿಲ್ಲ. ನಾನು ಲೋಟ ಹಿಡ್ಕೊಂಡು ಬಾಗಿಲಲ್ಲಿ ನಿಂತು, ತಪ್ಲಿ, ಒಂದೇ ಒಂದು ಸಲ ತಪ್ಲಿ ಅಂತ ಕಾಯ್ತಿದ್ದೆ. ಅಷ್ಟೇ, ಇನ್ನೇನೂ ಇಲ್ಲ. ಸುಮ್ಮನೆ ನೆನಪಾಯ್ತು.

ತಿಮಿಂಗಿಲ ಅಂದ್ಯಲ್ಲ, ಈಗ ನನ್ನ ನೋಡಿದ್ರೆ ನಿಮ್ಮ ಮೇಷ್ಟ್ರು ಮುಖಪುಟಕ್ಕೆ ಹಾಕ್ಕೊಳ್ತಾರೆ. ಮಗ್ಗಲು ಬದಲಾಯಿಸಿದ್ರೆ ಮಂಚ ದೋಣಿ ಥರ ಅಲ್ಲಾಡುತ್ತೆ.

ಭಾವನ ವಿಷಯ ಭಾವನ್ನೇ ಕೇಳು. ದುಡ್ಡಿನ ವಿಷಯ ನನಗೇನು ಗೊತ್ತಾಗುತ್ತೆ, ಎರಡು ಸಲ ಫೇಲಾದವಳಿಗೆ.

ನರ್ಸ್ ಇಟ್ಕೊ ಅಂದ್ಯಲ್ಲ, ಯೋಚನೆ ಮಾಡ್ತೀನಿ. ಒಬ್ಬರು ಸಾಕು, ಇಬ್ಬರಾದ್ರೆ ಅವರವರೇ ಜಗಳ ಆಡ್ತಾರೆ. ನೀನು ಬರಬೇಡ ಬಿಡು. ನಿನಗೂ ಕೆಲಸ ಇರುತ್ತೆ, ಅಮ್ಮನ ಮಂಡಿ ಬೇರೆ.

ಇನ್ನೊಂದು ಕಾಗದ ಬರೀತೀಯಾ? ಹೊಟ್ಟೆಕಿಚ್ಚಿಂದು? ಇನ್ನೂ ಸ್ವಲ್ಪ ವಿವರವಾಗಿ.

ಅಕ್ಕ

*

ಮಾರ್ಚ್ ೨೪

ಭಾವನವರಿಗೆ ನಮಸ್ಕಾರಗಳು.

ನಿಮಗೆ ನಾನು ಕಾಗದ ಬರೆಯುತ್ತಿರುವುದು ಇದೇ ಮೊದಲು. ನೀವು ನಮ್ಮ ಮನೆಗೆ ಬಂದಾಗಲೂ ‘ಬಂದ್ರಾ?’, ‘ಹೊರಟ್ರಾ?’ ಎಂಬ ಎರಡು ಮಾತಿನಲ್ಲೇ ಮುಗಿಸಿದವಳು ನಾನು. ಅಕ್ಕನಿಗೆ ಒಂದೂವರೆ ತಿಂಗಳಿಂದ ಬರೆದಿಲ್ಲ. ನೀವು ಆಕೆಗೆ ಇದನ್ನು ಹೇಳಬಾರದೆಂದು ಮೊದಲೇ ಕೇಳಿಕೊಳ್ಳುತ್ತೇನೆ.

ನಿನ್ನೆ ನಮ್ಮ ಕಚೇರಿಯಲ್ಲಿ ಒಂದು ರಾದ್ಧಾಂತವಾಯಿತು. ಕೈಪಿಡಿಯ ಕರಡನ್ನು ನಾನು ತಿದ್ದಿ ಮೇಷ್ಟ್ರಿಗೆ ಕಳುಹಿಸಿದ್ದೆ. ಅವರು ಪುಟಕ್ಕೆ ಹತ್ತು ಸಲ ‘ವಿಳಾಸ’, ‘ವಿಳಾಸ’ ಎಂದು ಬರೆದಿದ್ದರು. ಒಂದೇ ಮಾತು ಪಕ್ಕಪಕ್ಕದಲ್ಲಿ ಬಂದರೆ ಪುನರುಕ್ತಿ ದೋಷ ಎಂದು ನಮಗೆ ತಲೆಗೆ ಹೊಡೆದು ಕಲಿಸಿದ್ದಾರೆ. ಹಾಗಾಗಿ ನಾನು ಒಂದು ಕಡೆ ‘ವಿಳಾಸ’ ಬಿಟ್ಟು, ಇನ್ನೊಂದು ಕಡೆ ‘ಒಡೆಯ’, ಮತ್ತೊಂದು ಕಡೆ ‘ಧನಿಕ’ ಎಂದು ಹಾಕುತ್ತ ಹೋಗಿದ್ದೆ. ಓದಲು ಚೆನ್ನಾಗಿಯೇ ಇತ್ತು.

ಮೇಷ್ಟ್ರು ಮೆಟ್ಟಿಲು ಹತ್ತಿ ಬಂದವರು ಕೂರಲೂ ಇಲ್ಲ. ಯಜಮಾನರ ಮುಂದೆಯೇ ಗಟ್ಟಿಯಾಗಿ ಓದಿದರು. “‘ಒಬ್ಬ ಮನುಷ್ಯ ಸಾವಿರ ಒಡೆಯರನ್ನು ಇಟ್ಟುಕೊಳ್ಳಬಹುದು.’ ಏನಮ್ಮಾ ಇದು? ನಾನು ಬರೆದಿದ್ದು ಸಾವಿರ ವಿಳಾಸ! ಇಲ್ಲಿ ಕೇಳಿ. ‘ಈ ಒಬ್ಬ ಧನಿಕನಲ್ಲಿ ಲಕ್ಷಾಂತರ ಜನರ ನಾಣ್ಯ ಸೇರಿಕೊಂಡಿರುತ್ತದೆ.’ ಕೇಸು ಹಾಕ್ತಾರೆ ನನ್ನ ಮೇಲೆ!”

ನಾನು ತಲೆ ತಗ್ಗಿಸಿಕೊಂಡೇ ಮೆಲ್ಲಗೆ, “ವಿಳಾಸ ಅಂದ್ರೆ ಅಲ್ಲಿರೋ ಮನುಷ್ಯನೇ ಅಲ್ವಾ ಸಾರ್?” ಎಂದೆ.

“ವಿಳಾಸ ಅಂದ್ರೆ ಮನುಷ್ಯ ಅಲ್ಲಮ್ಮ! ಅಲ್ಲಿಗೇ ಎಲ್ಲರೂ ಎಡವೋದು. ನಾಣ್ಯ ಕೊಳ್ಳೋ ಮಾರೋ ಅಂಗಡಿಗಳು ಇರ್ತವಲ್ಲ, ವಿನಿಮಯ ಕೇಂದ್ರಗಳು, ಅವು ಲಕ್ಷಗಟ್ಟಲೆ ಗಿರಾಕಿಗಳದ್ದನ್ನ ಒಂದೇ ವಿಳಾಸದಲ್ಲಿ ಸುರಿದಿಟ್ಟಿರ್ತವೆ. ಹೊರಗಿಂದ ನೋಡಿದ್ರೆ ತಿಮಿಂಗಿಲ. ಒಳಗೆ ನೋಡಿದ್ರೆ ಮೀನಿನ ಬುಟ್ಟಿ.”

“ಹಾಗಾದ್ರೆ ತಿಮಿಂಗಿಲ ಇಲ್ವಾ ಸಾರ್?”

“ಇಲ್ಲದೆ ಏನು! ನಿಜವಾದ ತಿಮಿಂಗಿಲಗಳೂ ಇದಾವೆ, ಸಮುದ್ರದಲ್ಲಿ ದೊಡ್ಡ ಪಾಲು ಅವುಗಳದ್ದೇ. ಅವು ಬೇಕಂತಲೇ ಸಾವಿರ ವಿಳಾಸಕ್ಕೆ ಹಂಚಿಕೊಂಡು ಸಣ್ಣ ಮೀನಿನ ಥರ ಕಾಣ್ತವೆ. ಯಾವುದು ಯಾವುದು ಅಂತ ದಡದಲ್ಲಿ ಕೂತು ಹೇಳೋಕಾಗಲ್ಲ. ಅದನ್ನ ಹೇಳೋಕೇ ನಾನು ನೂರೈವತ್ತು ಪುಟ ಬರೆದಿದ್ದು, ನೀವು ಒಂದು ಪದದಲ್ಲಿ ಅಳಿಸಿಬಿಟ್ರಿ!”

ಯಜಮಾನರು ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದರು. ನನಗೆ ನಗು ಬರಲಿಲ್ಲ. ನಾನು ಯೋಚಿಸುತ್ತಿದ್ದುದು ಪುಸ್ತಕದ ಬಗ್ಗೆ ಅಲ್ಲ.

ಭಾವ, ನೀವು ನನಗೆ ಉಡುಗೊರೆ ಕಳುಹಿಸಿದ್ದು ಯಾವ ವಿಳಾಸದಿಂದ? ತಿಮಿಂಗಿಲದ್ದೋ, ಬುಟ್ಟಿಯದ್ದೋ? ಅಕ್ಕ ಇರುವ ಮನೆ ಎಂಥದ್ದು? ಜೊತೆಯಲ್ಲಿ ಯಾರಿದ್ದಾರೆ?

ಇಂತಿ,
ನಿಮ್ಮ ನಾದಿನಿ

*

ಏಪ್ರಿಲ್ ೨

ಪುಟ್ಟಿಯವರಿಗೆ,

ನನಗೆ ಕಾಗದ ಬರೆದು ಅಭ್ಯಾಸ ಇಲ್ಲ. ಲಿಫ್ಟ್ ಕಂಪನಿಗೆ ರಿಪೋರ್ಟ್ ಬರೆಯೋದು ಬಿಟ್ರೆ ಪೆನ್ನು ಹಿಡಿಯಲ್ಲ. ತಪ್ಪಿದ್ರೆ ತಿದ್ದಿಕೊಂಡು ಓದಿ, ನಿಮ್ಮ ಕೆಲಸಾನೇ ಅದು.

ಬುಟ್ಟಿ. ನಿಮ್ಮ ಮೇಷ್ಟ್ರು ಹೇಳಿದ್ದೇ ಸರಿ. ಅದು ನಾನು ನಾಣ್ಯ ಕೊಳ್ಳೋ ಆ್ಯಪ್‌ನವರ ವಿಳಾಸ, ಎಲ್ಲಾ ಗಿರಾಕಿಗಳದ್ದೂ ಅಲ್ಲಿಂದಲೇ ಹೋಗುತ್ತೆ. ಆ ಬುಟ್ಟಿಯಲ್ಲಿ ನಾನು ಮೀನೂ ಅಲ್ಲ, ಮೀನಿಗೆ ಅಂಟಿರೋ ನೀರು. ಓವರ್‌ಟೈಮ್ ಬಂದಾಗ ಚೂರು ಚೂರು ತಗೊಂಡಿದ್ದೆ. ನಿಮ್ಮ ಹುಟ್ಟುಹಬ್ಬಕ್ಕೆ ಅದರಲ್ಲಿ ಅರ್ಧ ಕಳಿಸಿದ್ದು. ನಿಮ್ಮಕ್ಕನೇ ಹೇಳಿದ್ದು. ಪುಟ್ಟಿ ಓದಿದ ಹುಡುಗಿ, ಬಟ್ಟೆ ಕಳಿಸಿದ್ರೆ ಬಣ್ಣ ಸರಿ ಇಲ್ಲ ಅಂತಾಳೆ, ಇದನ್ನ ಕಳಿಸಿ, ಜೋರಾಗಿರುತ್ತೆ ಅಂದ್ಲು.

ಆ ಹಳೇ ಕಂಪ್ಯೂಟರ್‌ಗಳನ್ನ ನಾನು ರಿಪೇರಿ ಮಾಡಿ ಮಾರ್ತಿದ್ದೆ. ಹಗಲೂ ರಾತ್ರಿ ಓಡಿಸಿದ್ದು ನಿಜ, ಸಿನಿಮಾ ಇಳಿಸ್ಕೊಳ್ಳೋಕೆ.

ಮನೆ ಅಂದ್ರೆ ಲಿಫ್ಟ್ ಮೋಟಾರ್ ರೂಮಿನ ಪಕ್ಕದ ಕೋಣೆ. ತಾರಸಿ ಮೇಲಿದೆ. ಕಟ್ಟಡದವರು ಬಾಡಿಗೆ ತಗೊಳ್ಳಲ್ಲ, ಬದಲಿಗೆ ಲಿಫ್ಟ್ ನೋಡ್ಕೊಬೇಕು, ನೀರಿನ ಟ್ಯಾಂಕ್ ನೋಡ್ಕೊಬೇಕು. ಬೀಗದ ಕೈ ಇರೋದು ಅದಕ್ಕೆ. ಕಿಟಕಿ ವಿಷಯ ಅವಳು ಬರೆದಿದ್ದು ನಿಜ. ರೈಲು ಕಾಣುತ್ತೆ. ಮೋಟಾರ್ ಸದ್ದು ಬೆಳಿಗ್ಗೆಯಿಂದ ಇರುತ್ತೆ, ಮಂಚ ನಡುಗುತ್ತೆ, ಅದನ್ನ ಅವಳು ಬರೆದಿಲ್ಲ ಅನ್ಸುತ್ತೆ.

ಲಿಫ್ಟ್ ಹನ್ನೊಂದಕ್ಕೆ ನಿಲ್ಲುತ್ತೆ. ಅಲ್ಲಿಂದ ನಮ್ಮ ಕೋಣೆಗೆ ಮೆಟ್ಟಿಲು. ಡಾಕ್ಟರ್ ಮೆಟ್ಟಿಲು ಬೇಡ ಅಂದಮೇಲೆ ಅವಳು ಆಸ್ಪತ್ರೆ ಬಿಟ್ಟು ಬೇರೆಲ್ಲಿಗೂ ಇಳಿದಿಲ್ಲ. ಆಸ್ಪತ್ರೆಗೆ ಹೋಗೋ ದಿನ ನಾನು, ನನ್ನ ಜೊತೆ ಕೆಲಸ ಮಾಡೋನು ಇಬ್ಬರೂ ಕುರ್ಚಿಯಲ್ಲಿ ಕೂರಿಸಿ ಇಳಿಸ್ತೀವಿ. ಅವಳು ರಾಣಿ ಥರ ಕೈ ಬೀಸ್ತಾಳೆ. ಮಿಕ್ಕ ದಿನ ಒಬ್ಬಳೇ. ನಾನು ಫ್ಲಾಸ್ಕಲ್ಲಿ ಹಾಲು, ಪಕ್ಕದಲ್ಲಿ ಬ್ರೆಡ್ಡು ಇಟ್ಟು ಹೋಗ್ತೀನಿ. ಜನ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದಾರೆ ಅಂತ ಕರೆ ಬಂದ್ರೆ ನಾನು ಇಲ್ಲ ಅನ್ನೋ ಹಾಗಿಲ್ಲ. ನರ್ಸ್ ಯಾರೂ ಇಲ್ಲ.

ನಿಮ್ಮ ಹೊಟ್ಟೆಕಿಚ್ಚಿನ ಕಾಗದ ಅವಳ ದಿಂಬಿನ ಕೆಳಗಿದೆ. ಓದಿ ಓದಿ ಮಡಿಕೆ ಹರಿದಿದೆ, ನಾನೇ ಟೇಪ್ ಹಾಕಿಕೊಟ್ಟೆ. ‘ಪುಟ್ಟಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ರೀ’ ಅಂತ ನನಗೆ, ನನ್ನ ಜೊತೆಗಾರನಿಗೆ, ಆಸ್ಪತ್ರೆ ನರ್ಸಿಗೆ, ಎಲ್ಲರಿಗೂ ಹೇಳಿದಾಳೆ. ನಿಜ ಬರೆದುಬಿಡು ಅಂದೆ. ‘ಹೆರಿಗೆ ಆಗ್ಲಿ ಇರ್ರೀ, ಅಲ್ಲೀವರೆಗೂ ಇದೊಂದು ಇರ್ಲಿ’ ಅಂದ್ಲು. ಹೋದ ತಿಂಗಳಿಂದ ಮೆಟ್ಟಿಲ ಹತ್ರ ಸದ್ದಾದ್ರೆ ಪೋಸ್ಟಾ ಅಂತ ಕೇಳ್ತಾಳೆ.

ನಾನು ಬರೆದೆ ಅಂತ ಹೇಳಬೇಡಿ. ಬನ್ನಿ ಅಂತ ಕೇಳೋ ಹಕ್ಕು ನನಗಿಲ್ಲ. ಮೆಟ್ಟಿಲು ಕಡಿದಾಗಿದೆ, ಹಿಡ್ಕೊಳ್ಳೋ ಕಂಬಿ ಎಡಗಡೆ ಇದೆ, ಅಷ್ಟು ಹೇಳಬಲ್ಲೆ.

ನಿಮ್ಮ ಭಾವ

*

ಏಪ್ರಿಲ್ ೬

ಅಕ್ಕ,

ಇದನ್ನು ಅಂಚೆಗೆ ಹಾಕುವುದಿಲ್ಲ. ಆದರೂ ಬರೆಯದೆ ನಾಳೆ ಇನ್ನೊಂದನ್ನು ಬರೆಯಲಾರೆ.

ಭಾವನ ಕಾಗದ ಕಚೇರಿಯ ಮೆಟ್ಟಿಲ ಮೇಲೆ ನಿಂತು ಓದಿದೆ. ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು. ಓದಿದ ಕೂಡಲೇ ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಿತು, ಆದರೆ ಅದು ಎರಡನೆಯದು. ಮೊದಲು ಅನ್ನಿಸಿದ್ದು, ಸದ್ಯ, ಅವಳ ಹತ್ತಿರ ಏನೂ ಇಲ್ಲ. ಎರಡು ತಿಂಗಳಿಂದ ಎದೆಯ ಮೇಲೆ 	ಕೂತಿದ್ದ ಏನೋ ಎದ್ದು ಹೋದ ಹಾಗೆ ಉಸಿರು ಸಲೀಸಾಯಿತು. ಆಮೇಲೆ ಫ್ಲಾಸ್ಕು, ಬ್ರೆಡ್ಡು ಎಂಬ ಸಾಲಿಗೆ ಬಂದೆ.

ಒಳಗೆ ಹೋಗಿ ಕೂತು ಕರಡು ಬಿಡಿಸಿದೆ. ‘ಒಡೆಯ’ನನ್ನು ಹೊಡೆದು ‘ವಿಳಾಸ’, ‘ಧನಿಕ’ನನ್ನು ಹೊಡೆದು ‘ವಿಳಾಸ’. ಸಂಜೆಯವರೆಗೂ ಅದೇ ಕೆಲಸ.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಓದಿ ಹೇಳಿದೆ.

“ಅಂದ್ರೆ ನಾನು ಬೈದಿದ್ದೇ ಸರಿ ಇತ್ತು.”

“ಅಮ್ಮಾ!”

“ಮತ್ತೆ? ಸದ್ದು ಮಾಡೋ ಮಿಷನ್ ಪಕ್ಕ ಮಲಗಿಸಿದಾನೆ ಬಸುರಿ ಹೆಂಗಸನ್ನ.” ಆಮೇಲೆ ಮಂಡಿಯ ಮೇಲೆ ಕೈಯಾಡಿಸುತ್ತ, “ಕುರ್ಚಿಯಲ್ಲಿ ಕೂರಿಸ್ಕೊಂಡು ಇಳಿಸ್ತಾನಂತಾ?” ಎಂದಳು.

“ಹ್ಞೂಂ.”

“ನಿಮ್ಮಪ್ಪ ನನ್ನನ್ನ ಒಂದು ದಿನಾನೂ ಕೈ ಹಿಡಿದು ರಸ್ತೆ ದಾಟಿಸ್ಲಿಲ್ಲ.” ಎದ್ದು ಒಳಗೆ ಹೋದವಳು ಅಲ್ಲಿಂದಲೇ, “ಬಸ್ಸು ಎಷ್ಟು ಹೊತ್ತಿಗೆ?” ಎಂದು ಕೇಳಿದಳು. ನಾನು ಹೋಗುತ್ತೇನೆಂದು ಇನ್ನೂ ಹೇಳಿರಲೇ ಇಲ್ಲ. ಅವಳಿಗೆ ಬೇಕಾದ್ದನ್ನು ತಂದುಕೊಡಲು ಎದುರುಮನೆಯ ನರ್ಸಮ್ಮ ಒಪ್ಪಿದ್ದಾರೆ.

ನಿನ್ನ ಮೇಲೆ ಹೊಟ್ಟೆಕಿಚ್ಚು ಹೋಯಿತೆಂದು ಒಂದು ಕ್ಷಣ ಅಂದುಕೊಂಡಿದ್ದೆ. ಹೋಗಿಲ್ಲ, ಜಾಗ ಬದಲಾಯಿಸಿದೆ. ಇದ್ದುದರಲ್ಲಿ ಅರ್ಧ ಕೊಡು ಎಂದು ನೀನು ಹೇಳುತ್ತೀಯ, ಆತ ಕೊಡುತ್ತಾರೆ. ಕಾಗದ ಹರಿದರೆ ಟೇಪ್ ಹಾಕಿಕೊಡುತ್ತಾರೆ. ನನ್ನ ಯಾವ ಕಾಗದವನ್ನೂ ಯಾರೂ ಹರಿಯುವಷ್ಟು ಸಲ ಓದಿಲ್ಲ ಅಕ್ಕ, ನಿನ್ನನ್ನು ಬಿಟ್ಟರೆ.

ನೀನು ಬಾಗಿಲಲ್ಲಿ ಲೋಟ ಹಿಡಿದು ನಿಲ್ಲುತ್ತಿದ್ದುದು ನನಗೆ ಕಾಣುತ್ತಿತ್ತು. ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ ನಾನು. ನೀನು ನೋಡುತ್ತಿದ್ದೀಯ ಎಂದು ಗೊತ್ತಾದಾಗ ಇನ್ನೂ ಚೆನ್ನಾಗಿ ಹೇಳುತ್ತಿದ್ದೆ.

ಪುಟ್ಟಿ

*

ಏಪ್ರಿಲ್ ೭

ಪ್ರೀತಿಯ ಅಕ್ಕನಿಗೆ,

ಇಷ್ಟು ದಿನ ಬರೆಯಲಿಲ್ಲ. ಕಾರಣ ನಿನಗೆ ಗೊತ್ತಿರುವುದೇ. ವಿವರವಾಗಿ ಬರೆ ಎಂದು ಕೇಳಿದ್ದೀಯ, ಆದ್ದರಿಂದ ಬರೆಯುತ್ತೇನೆ.

ಮೊದಲನೆಯದಾಗಿ ನಿನ್ನ ಕಿಟಕಿ. ನನ್ನ ಮೇಜಿನ ಮುಂದಿರುವುದು ಗೋಡೆ, ಅದರ ಮೇಲೆ ಹೋದ ವರ್ಷದ ಕ್ಯಾಲೆಂಡರ್. ಆಮೇಲೆ ನಿನ್ನ ತಾರಸಿ. ಆಮೇಲೆ, ಹಗಲಿಡೀ ಮಲಗಿರು ಎಂದು ಡಾಕ್ಟರೇ ಹೇಳಿದ್ದು. ನನಗೆ ಜ್ವರ ಬಂದರೂ ಯಜಮಾನರು ಎರಡು ಪುಟ ಕಳುಹಿಸುತ್ತಾರೆ. ಆಮೇಲೆ ಭಾವ. ನಮ್ಮ ಕಚೇರಿಯಲ್ಲಿ ಮದುವೆಯಾಗದೆ ಉಳಿದಿರುವ ಒಬ್ಬನೇ ಗಂಡಸು ಊಟದ ಡಬ್ಬಿಯಲ್ಲಿ ಯಾರಾದರೂ ಪಾಲು ಕೇಳಿಯಾರೆಂದು ಗೋಡೆಯ ಕಡೆ ತಿರುಗಿ ತಿನ್ನುತ್ತಾನೆ. ಬರೆಯುತ್ತ ಹೋದರೆ ಮುಗಿಯುವುದಿಲ್ಲ.

ಒಂದು ಸುದ್ದಿ. ಕೈಪಿಡಿಯಲ್ಲಿ ನಾನು ಒಂದು ಪದವನ್ನು ಕಂಡಕಂಡಲ್ಲಿ ಬದಲಾಯಿಸಿ ಮೇಷ್ಟ್ರ ಕೈಯಲ್ಲಿ ಬೈಸಿಕೊಂಡೆ. ಪೂರ್ತಿ ಪುಸ್ತಕ ಇನ್ನೊಮ್ಮೆ ತಿದ್ದಬೇಕು. ಎಲ್ಲಾದರೂ ಕೂತು ತಿದ್ದಿ, ಅವರ ಕಣ್ಣಿಗೆ ಮಾತ್ರ ಸ್ವಲ್ಪ ದಿನ ಬೀಳಬೇಡಿ ಎಂದು ಯಜಮಾನರು ಹೇಳಿದ್ದಾರೆ. ಹೇಗೂ ಬೈಸಿಕೊಂಡಾಗಿದೆ, ನಿನ್ನ ವೈಭವವನ್ನು ಕಣ್ಣಾರೆ ನೋಡಿ ಹೊಟ್ಟೆ ಉರಿದುಕೊಳ್ಳುವುದನ್ನೂ ಮುಗಿಸಿಬಿಡೋಣ ಅನ್ನಿಸಿತು.

ನೀನು ನರ್ಸ್ ಯಾರನ್ನಾದರೂ ಗೊತ್ತು ಮಾಡಿಕೊಂಡಿದ್ದರೆ ದಯವಿಟ್ಟು ಈಗಲೇ ಬೇಡವೆಂದುಬಿಡು. ಹೊಸಬರ ಮುಂದೆ ನನಗೆ ಮಾತು ಬರುವುದಿಲ್ಲ, ನಿನಗೆ ಗೊತ್ತು. ನಾನು ನಿದ್ದೆ ಮಾಡುವುದು ಸದ್ದಿದ್ದರೇನೇ. ಟೈರ್ ಅಂಗಡಿಯ ಮೇಲೆ ಮೂರು ವರ್ಷ ಕೂತು ಕಿವಿ ಹಾಗೆ ಕೆಟ್ಟಿದೆ. ನೆಲದ ಮೇಲೆ ಹಾಸಿಗೆ ಹಾಕು, ಮೆತ್ತನೆಯ ಮಂಚವೆಲ್ಲ ನಿನಗಿರಲಿ, ಅದನ್ನು ನೋಡಿಯೂ ಸ್ವಲ್ಪ ಉರಿದುಕೊಳ್ಳುತ್ತೇನೆ.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಯಾರನ್ನೂ ಎದುರುಗೊಳ್ಳಲು ಕಳುಹಿಸಬೇಡ. ಮಗು ಹುಟ್ಟಿ, ಅದರ ಮೇಲೂ ನನಗೆ ಹೊಟ್ಟೆಕಿಚ್ಚು ಬರುವವರೆಗೆ ಅಲ್ಲೇ ಇರುವುದೆಂದು ತೀರ್ಮಾನಿಸಿದ್ದೇನೆ.

ಇಂತಿ ನಿನ್ನನ್ನು ಕಂಡರಾಗದ ತಂಗಿ,
ಪುಟ್ಟಿ